ಇಂದು ನಗದು, ನಾಳೆ ಕಾರ್ಡು: ಮನೆಖರ್ಚಿನ ಹಣ ಯಾರ ಕೈಯಲ್ಲಿ?



ನಮ್ಮೂರ ಕಿರಾಣಿ ಅಂಗಡಿಗಳಲ್ಲಿ ತಕ್ಕಡಿಯ ಮೇಲ್ಗಡೆ, ಲಕ್ಷ್ಮೀ ಪಟದ ಪಕ್ಕದಲ್ಲಿ ಒಂದು ಬೋರ್ಡು ತೂಗುಹಾಕಿರುತ್ತಿತ್ತು. ‘ಇಂದು ನಗದು, ನಾಳೆ ಉದ್ದರಿ’ ಎಂದು ಅದರ ಮೇಲೆ ಬರೆದಿರುತ್ತಿತ್ತು. ನಾಳೆ ಹೋದರೂ ಅದೇ ಬೋರ್ಡು, ನಾಡಿದ್ದು ಹೋದರೂ ಅದೇ ಬೋರ್ಡು. ಹಾಗಾಗಿ ಉದ್ದರಿಯ ಆ ‘ನಾಳೆ’ ಎಂದೂ ಬರುತ್ತಿರಲಿಲ್ಲ. ಇಂದು ನೀವು ಮಾಟುಂಗಾದಲ್ಲಿ ಬಾಳೆಲೆ ಕೊಳ್ಳಲು ಹೋಗಿ, ಡೊಂಬಿವಲಿ ಸ್ಟೇಷನ್ ಹೊರಗೆ ಕೊತ್ತಂಬರಿ ಕಟ್ಟು ಕೊಳ್ಳಲು ಹೋಗಿ, ಅಂಗಡಿಯ ಮುಂದೆ ಕಪ್ಪುಬಿಳುಪಿನ ಚೌಕದ ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ನೀವು ಫೋನ್ ತೋರಿಸಿದ ಕೂಡಲೇ ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಹೇಳುತ್ತದೆ. ಮಾಲ್‌ಗೆ ಹೋದರೆ ಕಾರ್ಡು. ಕರೆಂಟ್ ಬಿಲ್ಲು ತಾನಾಗಿಯೇ ಖಾತೆಯಿಂದ ಹೋಗುತ್ತದೆ. ಉದ್ದರಿಯ ‘ನಾಳೆ’ ಈಗ ನಿಜವಾಗಿಯೂ ಬಂದಿದೆ. ಅದಕ್ಕೆ ಕ್ರೆಡಿಟ್ ಕಾರ್ಡ್ ಎಂಬ ಹೆಸರಿದೆ.

ಹಾಗಾದರೆ ದಿನನಿತ್ಯದ ಖರ್ಚಿಗೆ ನಗದು ಒಳ್ಳೆಯದೋ, ಕಾರ್ಡು ಒಳ್ಳೆಯದೋ? ಈ ಪ್ರಶ್ನೆಗೆ ಮನೆಮನೆಯಲ್ಲೂ ಎರಡು ಪಕ್ಷಗಳಿವೆ. ‘ಕೈಯಲ್ಲಿ ನೋಟು ಇಲ್ಲದಿದ್ದರೆ ಧೈರ್ಯವೇ ಇಲ್ಲ’ ಎನ್ನುವುದು ಹಿರಿಯರ ಪಕ್ಷ. ‘ಈಗ ಯಾರಾದರೂ ನೋಟು ಎಣಿಸುತ್ತಾರೆಯೇ?’ ಎನ್ನುವುದು ಕಿರಿಯರ ಪಕ್ಷ. ಈ ಮಾತುಕತೆಯಲ್ಲಿ ಯಾವ ಪಕ್ಷದ ಪರವಾಗಿಯೂ ನಾನು ವಾದಿಸುವುದಿಲ್ಲ. ಯಾವ ಖರ್ಚಿಗೆ ಯಾವ ದಾರಿ ಸರಿ ಎಂದು ನಾವು ನೀವು ಕೂಡಿ ಯೋಚಿಸೋಣ. ಅದಕ್ಕೆ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ಒಂದು, ಈ ಹಣ ನನ್ನಿಂದ ಹೋಗುವುದು ಯಾವಾಗ? ಎರಡು, ತಪ್ಪಾಗಿ ಹೋದರೆ ತಿರುಗಿ ಬರುತ್ತದೆಯೇ? ಮೂರು, ಈ ಹಣದ ಮೇಲೆ ಹಿಡಿತ ಇರುವುದು ಮನೆಯಲ್ಲಿ ಯಾರಿಗೆ? ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ, ಮೂರನೆಯದನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದೇ ಮುಖ್ಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಬ್ಯಾಂಕೊಂದು ಕ್ರೆಡಿಟ್ ಕಾರ್ಡ್ ಕೊಟ್ಟದ್ದು 1980ರಲ್ಲಿ. ಮುಂಬಯಿಯಲ್ಲೇ ಪ್ರಧಾನ ಕಚೇರಿಯಿರುವ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಅದನ್ನು ಆರಂಭಿಸಿತು. ದೇಶದ ಮೊದಲ ಎಟಿಎಂ ಬಂದದ್ದೂ ಇದೇ ಮುಂಬಯಿಯಲ್ಲಿ, 1987ರಲ್ಲಿ. ನಮ್ಮದೇ ಆದ ರುಪೇ ಕಾರ್ಡ್ 2012ರಲ್ಲಿ ಬಂತು. ಫೋನಿನಿಂದಲೇ ಖಾತೆಯಿಂದ ಖಾತೆಗೆ ಹಣ ಕಳಿಸುವ ಯುಪಿಐ ವ್ಯವಸ್ಥೆ 2016ರಲ್ಲಿ ಬಂತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಮರುದಿನದಿಂದ ಬ್ಯಾಂಕುಗಳ ಮುಂದೆ ನಿಂತ ಸಾಲುಗಳನ್ನು ನೀವು ಯಾರೂ ಮರೆತಿರಲಾರಿರಿ.

ಆಮೇಲೆ ನಗದು ಮುಗಿದೇ ಹೋಯಿತು ಎಂದು ಹೇಳಿದವರಿದ್ದರು. ಆದರೆ ಲೆಕ್ಕ ನೋಡಿ. ನೋಟು ರದ್ದಾಗುವ ಮೊದಲು ಜನರ ನಡುವೆ ಓಡಾಡುತ್ತಿದ್ದ ನಗದು ಸುಮಾರು 18 ಲಕ್ಷ ಕೋಟಿ ರೂಪಾಯಿ. 2024ರ ಮಾರ್ಚ್ ಕೊನೆಗೆ ಅದು ಸುಮಾರು 35 ಲಕ್ಷ ಕೋಟಿ. ಇನ್ನೊಂದು ಕಡೆ, 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರಗಳ ಸಂಖ್ಯೆ 2000 ಕೋಟಿ ದಾಟಿತು. ಎರಡೂ ಬೆಳೆದಿವೆ. ಜನ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ಹೊಸದನ್ನು ಬಳಸುತ್ತಾ ಹಳೆಯದನ್ನೂ ಮನೆಯಲ್ಲಿ ಇಟ್ಟುಕೊಂಡರು. ನಮ್ಮ ಜನರ ಈ ಜಾಣತನಕ್ಕೆ ಕಾರಣವಿದೆ.

ಈಗ ಮೊದಲನೆಯ ಪ್ರಶ್ನೆ. ಹಣ ಹೋಗುವುದು ಯಾವಾಗ?

ನಗದಿನಲ್ಲಿ ಕೊಟ್ಟರೆ ಆ ಕ್ಷಣವೇ ಹೋಯಿತು. ಹೋದದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಪರ್ಸಿನಲ್ಲಿ ಐದು ನೋಟು ಇದ್ದದ್ದು ಮೂರಾದರೆ ಮನಸ್ಸು ತಾನಾಗಿಯೇ ಎಚ್ಚರಿಸುತ್ತದೆ. ಡೆಬಿಟ್ ಕಾರ್ಡಿನಲ್ಲೂ ಯುಪಿಐಯಲ್ಲೂ ಹಣ ಆ ಕ್ಷಣವೇ ಹೋಗುತ್ತದೆ, ಆದರೆ ಹೋದದ್ದು ಕಾಣುವುದಿಲ್ಲ. ಚಹಾಕ್ಕೆ ಹದಿನೈದು, ರಿಕ್ಷಾಕ್ಕೆ ಮೂವತ್ತು, ವಡಾಪಾವಿಗೆ ಇಪ್ಪತ್ತು ಎಂದು ದಿನಕ್ಕೆ ಹತ್ತು ಸಲ ಫೋನ್ ತೋರಿಸಿದರೆ ತಿಂಗಳ ಕೊನೆಗೆ ದೊಡ್ಡ ಮೊತ್ತವೇ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಖರ್ಚಿಗೂ ಸಲ್ಲುತ್ತದೆ.

ಕ್ರೆಡಿಟ್ ಕಾರ್ಡಿನ ದಾರಿಯೇ ಬೇರೆ. ಅಲ್ಲಿ ಇಂದು ಹೋಗುವುದು ಬ್ಯಾಂಕಿನ ಹಣ. ನಿಮ್ಮದು ಹೋಗುವುದು ಬಿಲ್ಲು ಬಂದ ಮೇಲೆ. ಖರೀದಿ ಮಾಡಿದ ದಿನವನ್ನು ಅನುಸರಿಸಿ ಸಾಮಾನ್ಯವಾಗಿ ಇಪ್ಪತ್ತರಿಂದ ಐವತ್ತು ದಿನಗಳ ತನಕ ಬಡ್ಡಿಯಿಲ್ಲದ ಅವಕಾಶ ಸಿಗುತ್ತದೆ. ಬಿಲ್ಲನ್ನು ಪೂರ್ತಿಯಾಗಿ, ಗಡುವಿನ ಒಳಗೆ ಕಟ್ಟುವವರಿಗೆ ಇದು ಒಳ್ಳೆಯ ಅನುಕೂಲವೇ. ಅದರಲ್ಲಿ ಸುಳ್ಳಿಲ್ಲ. ತೊಂದರೆ ಇರುವುದು ಬಿಲ್ಲಿನಲ್ಲಿ ಅಚ್ಚಾಗಿರುವ ಎರಡನೆಯ ಅಂಕಿಯಲ್ಲಿ. ‘ಕನಿಷ್ಠ ಪಾವತಿ ಮೊತ್ತ’ ಎಂದು ಅದನ್ನು ಕರೆಯುತ್ತಾರೆ.

ಕಾಗದ ಪೆನ್ಸಿಲ್ ಹತ್ತಿರವಿದ್ದರೆ ತೆಗೆದುಕೊಳ್ಳಿ, ಒಂದು ಲೆಕ್ಕ ಮಾಡೋಣ. ನಿಮ್ಮ ಬಿಲ್ಲು 20,000 ರೂಪಾಯಿ. ಕನಿಷ್ಠ ಮೊತ್ತ ಶೇಕಡಾ 5, ಅಂದರೆ 1,000 ರೂಪಾಯಿ. ಅಷ್ಟು ಕಟ್ಟಿದಿರಿ, ದಂಡ ಬೀಳಲಿಲ್ಲ, ಸಮಾಧಾನವಾಯಿತು. ಉಳಿದ 19,000ಕ್ಕೆ ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಎಂದು ಇಟ್ಟುಕೊಳ್ಳಿ. ಅನೇಕ ಕಾರ್ಡುಗಳಲ್ಲಿ ಬಡ್ಡಿ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಬಡ್ಡಿ 665 ರೂಪಾಯಿ. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಸುಮಾರು 120 ರೂಪಾಯಿ. ಒಟ್ಟು 785. ಮುಂದಿನ ತಿಂಗಳು ನೀವು ಮತ್ತೆ 1,000 ಕಟ್ಟಿದರೆ ಅದರಲ್ಲಿ ಅಸಲಿಗೆ ಸೇರುವುದು ಬರೀ 215 ರೂಪಾಯಿ! ಬಡ್ಡಿಯನ್ನು ಖರೀದಿಯ ದಿನದಿಂದಲೇ ಎಣಿಸುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಹೆಚ್ಚೇ ಆಗುತ್ತದೆ. ಇದರ ಜೊತೆಗೆ, ಹಳೆಯ ಬಾಕಿ ಉಳಿದಿರುವ ತನಕ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇಂದು ಕೊಂಡ ಅಕ್ಕಿಬೇಳೆಗೂ ಇಂದಿನಿಂದಲೇ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ಶೇಕಡಾ 42. ಊರಿನ ಬಡ್ಡಿ ಸಾಹುಕಾರನನ್ನು ನಾವು ಬೈದುಕೊಳ್ಳುತ್ತಿದ್ದೆವಲ್ಲ, ಅವನ ದರಕ್ಕೆ ಇದು ಹೆಚ್ಚು ದೂರವಿಲ್ಲ.

ಆದ್ದರಿಂದ ಒಂದು ಮಾತು ನೆನಪಿಡಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳಬೇಕಾದದ್ದು ಖಾತೆಯಲ್ಲಿ ಈಗಾಗಲೇ ಹಣ ಇರುವ ವಸ್ತುವನ್ನು ಮಾತ್ರ. ಮುಂದಿನ ತಿಂಗಳ ಸಂಬಳ ನಂಬಿಕೊಂಡು ತಿಂಗಳ ದಿನಸಿಯನ್ನು ಕಾರ್ಡಿನಲ್ಲಿ ತಂದರೆ, ತಿಂದು ಮುಗಿದ ಅನ್ನಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಮೊದಲ ದಿನದಿಂದ ಬಡ್ಡಿ, ಮೇಲೆ ಶುಲ್ಕ ಬೇರೆ.

ತಾನಾಗಿ ಕಡಿತವಾಗುವ ಬಿಲ್ಲುಗಳ ಬಗ್ಗೆಯೂ ಒಂದೆರಡು ಮಾತು. ಕರೆಂಟು, ಪೈಪಿನ ಗ್ಯಾಸು, ಫೋನು, ವಿಮೆಯ ಕಂತು ಇವಕ್ಕೆ ಈ ಏರ್ಪಾಡು ಒಳ್ಳೆಯದು. ಗಡುವು ತಪ್ಪುವುದಿಲ್ಲ, ದಂಡವಿಲ್ಲ. ಆದರೆ ಎಂದೋ ಒಂದು ಸಿನಿಮಾ ನೋಡಲು ಚಂದಾ ಹಾಕಿ ಮರೆತದ್ದೂ ತಿಂಗಳು ತಿಂಗಳು ಕಡಿತವಾಗುತ್ತಿರಬಹುದು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇದಕ್ಕೆ ಒಂದು ಕಟ್ಟಳೆ ಮಾಡಿದೆ. ಕಾರ್ಡಿನಿಂದ ಹೀಗೆ ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ನಿಮಗೆ ತಿಳಿಸಬೇಕು, ಬೇಡವೆನಿಸಿದರೆ ನಿಲ್ಲಿಸುವ ಅವಕಾಶ ಕೊಡಬೇಕು. ಆ ಸಂದೇಶ ಬಂದಾಗ ಓದದೆ ಅಳಿಸಬೇಡಿ. ಓದಿದವರ ಹಣ ಉಳಿಯುತ್ತದೆ.

ಇನ್ನು ಎರಡನೆಯ ಪ್ರಶ್ನೆ. ತಪ್ಪಾಗಿ ಹೋದ ಹಣ ತಿರುಗಿ ಬರುತ್ತದೆಯೇ?

ಸಂಜೆಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಪರ್ಸ್ ಹೋದರೆ ಅದರಲ್ಲಿದ್ದ ನಗದು ಹೋದಂತೆಯೇ. ಅದೇ ಪರ್ಸಿನಲ್ಲಿದ್ದ ಕಾರ್ಡನ್ನು ಬ್ಯಾಂಕಿಗೆ ಫೋನ್ ಮಾಡಿ ನಿಲ್ಲಿಸಬಹುದು. ಇಷ್ಟರ ಮಟ್ಟಿಗೆ ಕಾರ್ಡು ನಗದಿಗಿಂತ ಮೇಲು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರಿಗೆ ಒಂದು ರಕ್ಷಣೆ ಕೊಟ್ಟಿತು. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಹೊರಗಿನವರ ಮೋಸದಿಂದ ಖಾತೆಯ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ದಿನವಾದರೆ ನಷ್ಟದಲ್ಲಿ ನಿಮಗೂ ಒಂದು ಮಿತಿಯವರೆಗೆ ಪಾಲಿದೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನಿಯಮ. ಆದರೆ ಇಲ್ಲೊಂದು ಗಟ್ಟಿ ಷರತ್ತಿದೆ. ನೀವೇ ಪಿನ್ ಹೇಳಿದ್ದರೆ, ನೀವೇ ಒಟಿಪಿ ಕೊಟ್ಟಿದ್ದರೆ, ದೂರು ಕೊಡುವ ತನಕ ಆದ ನಷ್ಟವೆಲ್ಲ ನಿಮ್ಮದೇ.

ಮೋಸಗಾರರು ಪೊಲೀಸರೆಂದೋ, ಬ್ಯಾಂಕಿನವರೆಂದೋ, ಕರೆಂಟ್ ಕಂಪನಿಯವರೆಂದೋ ಹೇಳಿಕೊಂಡು ಮಾತಿನಲ್ಲೇ ನಿಮ್ಮನ್ನು ಹೆದರಿಸಿ ಪಿನ್ ಒತ್ತಿಸುವುದು ಇದಕ್ಕೇ. ನೆನಪಿಡಿ, ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಯಾವ ಪಿನ್ನೂ ಬೇಡ. ‘ನಿಮಗೆ ಹಣ ಬರಬೇಕಾಗಿದೆ, ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಫೋನ್ ಇಟ್ಟುಬಿಡಿ. ಅಂಗಡಿಯಲ್ಲಿ ಕ್ಯೂಆರ್ ಚೌಕಕ್ಕೆ ಫೋನ್ ಹಿಡಿದಾಗ ಮೂಡುವ ಹೆಸರನ್ನು ಅಂಗಡಿಯವರಿಗೆ ಓದಿ ಹೇಳಿ. ಅವರು ಹೌದೆಂದ ಮೇಲೆ ಪಿನ್ ಒತ್ತಿ. ಅಷ್ಟಾಗಿಯೂ ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಹೋದ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಬೇಕಾದರೆ ಮೊದಲ ಕೆಲವು ಗಂಟೆಗಳೇ ಮುಖ್ಯ.

ಇನ್ನೊಂದು ಸೌಲಭ್ಯ ಅನೇಕರಿಗೆ ಗೊತ್ತಿಲ್ಲ. 2020ರ ಅಕ್ಟೋಬರ್‌ನಿಂದ, ಕಾರ್ಡನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬೇಡ ಎಂದು ನೀವೇ ನಿರ್ಧರಿಸಬಹುದು. ಅಂತರ್ಜಾಲದ ಖರೀದಿ, ಹೊರದೇಶದ ಬಳಕೆ, ಪಿನ್ ಇಲ್ಲದೆ ಬರೀ ತಾಗಿಸಿ ಹಣ ಕೊಡುವುದು, ಇವನ್ನೆಲ್ಲ ದೀಪದ ಸ್ವಿಚ್ಚಿನ ಹಾಗೆ ಹಾಕಬಹುದು, ಆರಿಸಬಹುದು. ದಿನಕ್ಕೆ ಇಷ್ಟೇ ಎಂದು ಮಿತಿಯನ್ನೂ ಇಡಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ, ಇಲ್ಲವಾದರೆ ಶಾಖೆಗೆ ಹೋಗಿ ಕೇಳಿ. ಪಿನ್ ಇಲ್ಲದೆ ತಾಗಿಸಿ ಕೊಡುವ ಮಿತಿ 2021ರ ಜನವರಿಯಲ್ಲಿ 5,000 ರೂಪಾಯಿಗೆ ಏರಿತು. ನಿಮಗೆ ಅಷ್ಟು ಬೇಡವಾದರೆ ಇಳಿಸಿ, ಅಥವಾ ಪೂರ್ತಿ ಆರಿಸಿ.

ದೊಡ್ಡ ಮೊತ್ತಕ್ಕೆ ಬ್ಯಾಂಕಿನ ದಾರಿಯೇ ಸರಿ ಎನ್ನುವುದಕ್ಕೆ ಪುರಾವೆ ಇನ್ನೊಂದು ಕಾರಣ. ಮನೆ ಬಾಡಿಗೆ, ಸೊಸೈಟಿಯ ಮೇಂಟೆನೆನ್ಸು, ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಇವುಗಳಲ್ಲಿ ನಾಳೆ ತಕರಾರು ಬಂದರೆ ಪಾಸ್‌ಬುಕ್ಕಿನ ಒಂದು ಸಾಲು ಹತ್ತು ಸಾಕ್ಷಿಗಳಿಗೆ ಸಮ. ಮದುವೆಗೆ ಚಿನ್ನ ಕೊಳ್ಳುವವರಿಗೂ ಒಂದು ಮಾತು. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2017ರ ಏಪ್ರಿಲ್‌ನಿಂದ ಕಾನೂನಿನ ತಡೆಯಿದೆ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ.

ಹಾಗಾದರೆ ಎಲ್ಲವನ್ನೂ ಕಾರ್ಡು, ಫೋನುಗಳಲ್ಲಿಯೇ ಮಾಡಿಬಿಡೋಣವೇ? ಮುಂಬಯಿಯಲ್ಲಿ ಇದ್ದವರು ಹಾಗೆ ಹೇಳುವ ಮೊದಲು ಸ್ವಲ್ಪ ಯೋಚಿಸುತ್ತಾರೆ. 2005ರ ಜುಲೈ 26ರ ಮಳೆ ನೆನಪಿದೆಯಲ್ಲ? ನಗರದ ಎಷ್ಟೋ ಭಾಗಗಳಲ್ಲಿ ಕರೆಂಟಿಲ್ಲ, ಫೋನಿಲ್ಲ. ರಾತ್ರಿಯೆಲ್ಲ ನಡೆದು ಮನೆ ಸೇರಿದವರಿಗೆ ದಾರಿಯಲ್ಲಿ ಬಿಸ್ಕತ್ತು, ನೀರು ತಂದುಕೊಟ್ಟದ್ದು ಜೇಬಿನಲ್ಲಿದ್ದ ನೋಟು. 2020ರ ಅಕ್ಟೋಬರ್ 12ರಂದು ವಿದ್ಯುತ್ ಜಾಲವೇ ಕೈಕೊಟ್ಟು ಲೋಕಲ್ ಗಾಡಿಗಳು ನಿಂತವು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ಕೆಲಹೊತ್ತು ತಡವರಿಸಿತು. ಇನ್ನು 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ, ಖಾತೆದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ಬರೀ 1,000 ರೂಪಾಯಿ. ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಅದಾದ ಮೇಲೆ, 2020ರ ಫೆಬ್ರವರಿಯಲ್ಲಿ.

ಇವುಗಳಿಂದ ಕಲಿಯುವುದೇನು? ಮನೆಯಲ್ಲಿ ಒಂದು ವಾರದ ಖರ್ಚಿಗೆ ಸಾಕಾಗುವಷ್ಟು ನಗದು ಇರಲಿ, ಅದರಲ್ಲಿ ಅರ್ಧವಾದರೂ ನೂರು, ಐವತ್ತರ ನೋಟುಗಳಾಗಿರಲಿ. ಖಾತೆ ಎರಡು ಬ್ಯಾಂಕಿನಲ್ಲಿರಲಿ. ಎಟಿಎಂಗೆ ಪದೇ ಪದೇ ಓಡಬೇಡಿ. ಮುಂಬಯಿಯಂಥ ಮಹಾನಗರಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂ ಬಳಕೆ ತಿಂಗಳಿಗೆ ಮೂರು ಸಲ ಮಾತ್ರ ಉಚಿತ ಎಂಬ ನಿಯಮವಿದೆ. ಮಿತಿ ಮೀರಿದ ಮೇಲೆ ಪ್ರತಿ ಸಲಕ್ಕೂ 23 ರೂಪಾಯಿಯವರೆಗೆ ಶುಲ್ಕ ವಿಧಿಸಲು 2025ರ ಮೇ ತಿಂಗಳಿಂದ ಬ್ಯಾಂಕುಗಳಿಗೆ ಅನುಮತಿ ಸಿಕ್ಕಿದೆ. ನಮ್ಮದೇ ಹಣ ತೆಗೆಯಲು ನಾವೇ ಏಕೆ ಕೂಲಿ ಕೊಡಬೇಕು?

ಈಗ ಮೂರನೆಯ ಪ್ರಶ್ನೆಗೆ ಬರೋಣ. ಮನೆಖರ್ಚಿನ ಹಣ ಯಾರ ಕೈಯಲ್ಲಿದೆ?

ನಮ್ಮ ಅಜ್ಜಿಯಂದಿರ, ತಾಯಂದಿರ ಬ್ಯಾಂಕು ಸಾಸಿವೆ ಡಬ್ಬಿಯಾಗಿತ್ತು. ಯಜಮಾನರು ತಿಂಗಳ ಖರ್ಚಿಗೆಂದು ಕೊಟ್ಟದ್ದರಲ್ಲಿ ಹತ್ತೋ ಇಪ್ಪತ್ತೋ ಉಳಿಸಿ ಅದರಲ್ಲಿ ಇಡುತ್ತಿದ್ದರು. ಮಗಳು ತವರಿಗೆ ಬಂದಾಗ ಕೈಗೆ ತುರುಕುವ ನೋಟು, ಮಗನ ಪರೀಕ್ಷೆಯ ಫೀಸಿಗೆ ಕಡಿಮೆ ಬಿದ್ದ ದುಡ್ಡು, ಯಾರಿಗೂ ಹೇಳದೆ ಕೊಂಡ ಒಂದು ಔಷಧ ಎಲ್ಲವೂ ಆ ಡಬ್ಬಿಯಿಂದಲೇ ಬಂದವು. ಈ ಚಿಕ್ಕ ಉಳಿತಾಯದ ಬೆಲೆ ನಮ್ಮ ಕರಾವಳಿಯವರಿಗೆ ಮೊದಲೇ ಗೊತ್ತಿತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಏಜೆಂಟರು ಬರುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಇಂದಿಗೂ ನಮ್ಮ ಬಾಯಲ್ಲಿ ಉಳಿದಿದೆ.

2016ರ ಆ ನವೆಂಬರ್‌ನಲ್ಲಿ ಎಷ್ಟೋ ಮನೆಗಳ ಸಾಸಿವೆ ಡಬ್ಬಿಗಳು ಒಮ್ಮೆಗೇ ಬಯಲಾದವು. ಹಳೆಯ ನೋಟು ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಹೋಗಬೇಕು. ಡಬ್ಬಿಯ ಹಣ ಗಂಡನ ಖಾತೆಗೋ ಮಗನ ಖಾತೆಗೋ ಸೇರಿತು. ಕೆಲವರಿಗೆ ತಿರುಗಿ ಬಂತು, ಕೆಲವರಿಗೆ ಬರಲಿಲ್ಲ. ಆಮೇಲೆ ಯುಪಿಐ ಬಳಕೆ ಹೆಚ್ಚಿತು. ತರಕಾರಿಯವನಿಗೆ ಮಗನ ಫೋನಿನಿಂದ, ಹಾಲಿನವನಿಗೆ ಯಜಮಾನರ ಫೋನಿನಿಂದ ಹಣ ಹೋಗತೊಡಗಿತು. ಮನೆಯಲ್ಲಿ ಅನುಕೂಲ ಹೆಚ್ಚಿತು, ಸುಳ್ಳಲ್ಲ. ಆದರೆ ಅಡುಗೆಮನೆಯಲ್ಲಿ ಇರುವವರ ಕೈಗೆ ನೋಟು ಬರುವುದು ನಿಂತಿತು. ನೋಟು ಬಾರದಿದ್ದರೆ ಚಿಲ್ಲರೆ ಉಳಿಯುವುದಿಲ್ಲ. ಚಿಲ್ಲರೆ ಉಳಿಯದಿದ್ದರೆ ಡಬ್ಬಿ ತುಂಬುವುದಿಲ್ಲ. ‘ಅಮ್ಮಾ, ಏನು ಬೇಕು ಹೇಳಿ, ನಾನು ಆರ್ಡರ್ ಮಾಡುತ್ತೇನೆ’ ಎನ್ನುವ ಮಗ ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ಪ್ರತಿಯೊಂದನ್ನೂ ಹೇಳಿ ತರಿಸಿಕೊಳ್ಳುವುದು ಬೇರೆ, ಕೇಳದೆ ಕೊಳ್ಳುವುದು ಬೇರೆ. ಎಪ್ಪತ್ತು ವರ್ಷದ ತಾಯಿಗೆ ದೇವಸ್ಥಾನದ ಹುಂಡಿಗೆ ಹಾಕುವ ಹತ್ತು ರೂಪಾಯಿಗೂ ಮಗನನ್ನು ಕೇಳಬೇಕಾಗಿ ಬಂದರೆ ಅದು ಸಣ್ಣ ಮಾತಲ್ಲ.

ಮನೆಕೆಲಸಕ್ಕೆ ಬರುವವರ ವಿಷಯವೂ ಇದೇ. ತಿಂಗಳ ಪಗಾರವನ್ನು ಫೋನಿನಲ್ಲಿ ಕಳಿಸುವುದು ನಮಗೆ ಸುಲಭ. ಆದರೆ ಆ ಫೋನು ಆಕೆಯದೋ, ಆಕೆಯ ಗಂಡನದೋ, ಮಗನದೋ? ಒಮ್ಮೆ ಕೇಳಿ ನೋಡಿ. ಆಕೆಗೆ ತನ್ನದೇ ಖಾತೆಯಿದ್ದರೆ ಅದಕ್ಕೇ ಹಾಕಿ, ದಾಖಲೆಯೂ ಆಗುತ್ತದೆ. 2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರವು. ಆದರೆ ಬೇರೆಯವರ ಫೋನಿಗೆ ಹಾಕಬೇಕಾಗಿ ಬಂದರೆ, ಆಕೆಯ ಕೈಗೇ ನೋಟು ಕೊಡಿ. ದುಡಿದವರ ಕೈಗೆ ಹಣ ಸೇರುವುದೇ ಮುಖ್ಯ, ಯಾವ ರೂಪದಲ್ಲಿ ಎಂಬುದು ಆಮೇಲಿನ ಮಾತು.

ಹೀಗೆಂದ ಮಾತ್ರಕ್ಕೆ ಮತ್ತೆ ಸಾಸಿವೆ ಡಬ್ಬಿಗೇ ಹೋಗೋಣ ಎನ್ನುತ್ತಿಲ್ಲ. ಡಬ್ಬಿಗೆ ಬಡ್ಡಿ ಬರುವುದಿಲ್ಲ, ಕಳ್ಳನ ಭಯವೂ ಇದೆ. ಹಳೆಯ ಡಬ್ಬಿಯ ಸ್ವಾತಂತ್ರ್ಯವನ್ನು ಹೊಸ ಖಾತೆಗೆ ತರಬೇಕು. ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ಅವರದೇ ಹೆಸರಿನ ಖಾತೆ, ಅವರಿಗೆ ಮಾತ್ರ ಗೊತ್ತಿರುವ ಪಿನ್, ಬ್ಯಾಂಕಿನ ಸಂದೇಶ ಬರುವ ಅವರದೇ ಫೋನ್ ನಂಬರು ಇರಲಿ. ಹಿರಿಯರಿಗೆ ಫೋನಿನಲ್ಲಿ ಹಣ ಕೊಡುವುದನ್ನು ತಾಳ್ಮೆಯಿಂದ ಕಲಿಸಿ. ಆ ಖಾತೆಯಲ್ಲಿ ಎರಡು ಮೂರು ಸಾವಿರ ಮಾತ್ರ ಇಟ್ಟರೆ, ಮೋಸವಾದರೂ ಹೋಗುವುದು ಅಷ್ಟೇ. 2024ರಲ್ಲಿ ಯುಪಿಐ ಸರ್ಕಲ್ ಎಂಬ ಏರ್ಪಾಡೂ ಬಂದಿದೆ. ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ತಮ್ಮ ಫೋನಿನಲ್ಲಿ ತಿಂಗಳಿಗೆ 15,000 ರೂಪಾಯಿಯವರೆಗೆ ಖರ್ಚು ಮಾಡುವ ಅನುಮತಿ ಅದರಲ್ಲಿದೆ. ಉಪಯೋಗವಿದೆ, ಆದರೆ ಪ್ರತಿ ಖರ್ಚೂ ಖಾತೆದಾರರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಸ್ವಂತ ಖಾತೆಗೆ ಅದು ಬದಲಿಯಲ್ಲ.

ಈ ಮೂರು ಪ್ರಶ್ನೆಗಳನ್ನೂ ಸೇರಿಸಿ ಒಂದು ಮನೆಯ ತಿಂಗಳ ಲೆಕ್ಕ ಹಾಕಿ ನೋಡೋಣ. ಮನೆ ಕಲ್ಪನೆಯದು, ಲೆಕ್ಕ ಎಲ್ಲರದೂ. ಡೊಂಬಿವಲಿಯಲ್ಲಿ ನಾಲ್ಕು ಜನರ ಸಂಸಾರ, ತಿಂಗಳಿಗೆ ಕೈಗೆ ಬರುವುದು 60,000 ರೂಪಾಯಿ. ಮನೆ ಸಾಲದ ಕಂತು 18,000. ಸೊಸೈಟಿ, ಕರೆಂಟು, ಗ್ಯಾಸು, ಫೋನು 6,000. ಶಾಲೆಗೆ 6,000. ವಿಮೆ, ಉಳಿತಾಯ 8,000. ಈ 38,000 ಬ್ಯಾಂಕಿನಿಂದಲೇ, ಸಂಬಳ ಬಂದ ಮೊದಲ ವಾರದಲ್ಲೇ ಹೋಗಲಿ. ತಿಂಗಳ ದಿನಸಿ 8,000, ಅದು ಡೆಬಿಟ್ ಕಾರ್ಡಿನಲ್ಲಿ ಅಥವಾ ಯುಪಿಐಯಲ್ಲಿ, ಒಂದೇ ಸಲಕ್ಕೆ, ಪಟ್ಟಿ ಬರೆದುಕೊಂಡು. ತರಕಾರಿ, ಹಾಲು, ರೈಲು ಪಾಸು, ರಿಕ್ಷಾ, ಮನೆಕೆಲಸದವರ ಪಗಾರ ಸೇರಿ 9,000. ಇದನ್ನು ನಗದಾಗಿ ತೆಗೆದು ನಾಲ್ಕು ಲಕೋಟೆಗಳಲ್ಲಿ ಹಾಕಿ, ವಾರಕ್ಕೆ 2,250ರಂತೆ. ಗುರುವಾರಕ್ಕೇ ಲಕೋಟೆ ತೆಳ್ಳಗಾದರೆ ಶುಕ್ರವಾರ ಮನೆಯವರಿಗೆಲ್ಲ ತಾನಾಗಿ ತಿಳಿಯುತ್ತದೆ. ಫೋನಿನಲ್ಲೇ ಕೊಡುವ ಅಭ್ಯಾಸವಿದ್ದರೆ ಇದೇ 9,000ವನ್ನು ಎರಡನೆಯ ಖಾತೆಗೆ ಹಾಕಿ, ದಿನದ ಖರ್ಚಿಗೆ ಅದನ್ನು ಮಾತ್ರ ಬಳಸಿ. ಉಳಿದ 5,000ದಲ್ಲಿ 3,000 ಆಪತ್ತಿಗೆ. ಇನ್ನುಳಿದ 2,000 ಮನೆಯ ಗೃಹಿಣಿಯ ಸ್ವಂತ ಖಾತೆಗೆ, ಲೆಕ್ಕ ಕೇಳದೆ.

‘ಲೆಕ್ಕ ಕೇಳದೆ’ ಎಂಬ ಆ ಎರಡು ಪದಗಳನ್ನು ಬೇಕೆಂದೇ ಸೇರಿಸಿದ್ದೇನೆ. ಅಷ್ಟು ದೊಡ್ಡ ಸಂಬಳ ನಮ್ಮದಲ್ಲ ಎನ್ನುವವರು ಇರಬಹುದು. ಎರಡು ಸಾವಿರ ಆಗದಿದ್ದರೆ ಇನ್ನೂರು ಇಡಿ. ಎರಡಾಣೆಯಿಂದ ಬ್ಯಾಂಕು ಬೆಳೆಸಿದ ಊರಿನವರು ನಾವು.

ಅಂಗಡಿಯವರ ಕಡೆಯಿಂದಲೂ ಒಮ್ಮೆ ನೋಡುವುದು ನ್ಯಾಯ. ನಮ್ಮವರೇ ಎಷ್ಟೋ ಜನ ಈ ನಗರದಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂತವರು. ಕ್ರೆಡಿಟ್ ಕಾರ್ಡಿನಲ್ಲಿ ಹಣ ಪಡೆದರೆ ಅದರಲ್ಲಿ ಒಂದು ಪಾಲು ಬ್ಯಾಂಕಿಗೆ ಶುಲ್ಕವಾಗಿ ಹೋಗುತ್ತದೆ. ಆದ್ದರಿಂದ ಒಂದು ಕಾಫಿಗೆ ಕ್ರೆಡಿಟ್ ಕಾರ್ಡ್ ಚಾಚಿದರೆ ಅವರ ಮುಖ ಬಾಡುವುದು ಸಹಜ. ಬುಟ್ಟಿ ಇಟ್ಟುಕೊಂಡು ಸೊಪ್ಪು ಮಾರುವ ಅಜ್ಜಿಗೆ ಸಂಜೆ ಮನೆಗೆ ಹೋಗುವಾಗ ಅಕ್ಕಿ ಕೊಳ್ಳಲು ನೋಟೇ ಬೇಕಾಗಿರಬಹುದು. ಆಕೆಗೆ ಹತ್ತು ರೂಪಾಯಿ ಕೈಯಲ್ಲೇ ಕೊಡಿ. ಹಾಗೆಯೇ ಬಸ್ಸಿನಲ್ಲಿ ಐನೂರರ ನೋಟು ಹಿಡಿದು ಕಂಡಕ್ಟರರಿಂದ ‘ಸುಟ್ಟೇ ಪೈಸೆ’ ಎಂದು ಬೈಸಿಕೊಳ್ಳುವ ಬದಲು ಫೋನಿನಲ್ಲೋ ಕಾರ್ಡಿನಲ್ಲೋ ಟಿಕೆಟ್ ತೆಗೆಯುವುದು ಇಬ್ಬರಿಗೂ ನೆಮ್ಮದಿ.

ಬಂಧುಗಳೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹಿರಿಯರು ಹೇಳಿದರು. ಕಾರ್ಡು ಬಂದ ಮೇಲೆ ಹಾಸಿಗೆ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣದಂತಾಗಿದೆ. ಆ ಅಂಚನ್ನು ನಾವೇ ಗುರುತು ಮಾಡಿಕೊಳ್ಳಬೇಕು. ಈ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಕಾರ್ಡಿನ ಬಿಲ್ಲು ತೆಗೆದು ಪೂರ್ತಿ ಮೊತ್ತ ಕಟ್ಟುತ್ತಿದ್ದೀರೋ, ಕನಿಷ್ಠ ಮೊತ್ತವೋ ನೋಡಿ. ಬೇಡದ ಚಂದಾ ಕಡಿತವಾಗುತ್ತಿದ್ದರೆ ನಿಲ್ಲಿಸಿ. 1930 ಎಂಬ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಯಿರಿ. ಇಷ್ಟಾದ ಮೇಲೆ ನಿಮ್ಮ ತಾಯಿಯನ್ನೋ, ಅತ್ತೆಯನ್ನೋ, ಹೆಂಡತಿಯನ್ನೋ ಕೇಳಿ: ‘ನಿಮ್ಮ ಕೈಯಲ್ಲಿ, ನಿಮ್ಮದೇ ಎಂದು ಎಷ್ಟು ದುಡ್ಡಿದೆ?’ ಉತ್ತರ ಬರುವುದು ತಡವಾದರೆ, ಸೋಮವಾರ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ನಿಮಗೇ ಗೊತ್ತಾಗುತ್ತದೆ.